ಟೊಲೆಡೊಗೆ ನಾಲ್ಕು ಗಂಟೆ ಸಾಕು

ಪಟಪಟ, ಪಟಪಟ ಎಂದು ದಪ್ಪ ಬಟ್ಟೆ ಗಾಳಿಗೆ ಬಡಿದುಕೊಳ್ಳುವ ಸದ್ದು. ನಿದ್ದೆಯಲ್ಲಿದ್ದ ಎವಾರಿಸ್ಟೊ ಧಡಕ್ಕನೆ ಎದ್ದು ಕೂತು ಬಲಗಾಲನ್ನು ಮುಂದಕ್ಕೆ ಒತ್ತಿದ. ಬಸ್ಸಿನ ಹೊಟ್ಟೆಯ ಬಾಗಿಲು ತೆರೆದುಕೊಂಡಿದೆ, ಯಾರದೋ ಸಾಮಾನಿನ ಹೊದಿಕೆ ಹಾರಾಡುತ್ತಿದೆ, ಈಗಲೇ ನಿಲ್ಲಿಸಬೇಕು. ಬ್ರೇಕು ಸಿಗಲಿಲ್ಲ. ಅಂಗಾಲಿಗೆ ಸಿಕ್ಕಿದ್ದು ತಣ್ಣಗಿನ ಹೆಂಚಿನ ನೆಲ. ಕಿಟಕಿಯ ಪಟ್ಟಿಗಳ ನಡುವಿನಿಂದ ಇಣುಕಿದ ಬೆಳಕು ಗೋಡೆಯ ಮೇಲೆ ಅಲುಗುತ್ತಿತ್ತು. ನಿಧಾನವಾಗಿ ಎಲ್ಲವೂ ನೆನಪಾಯಿತು. ಬಸ್ಸು ಇಲ್ಲ, ಕೆಲಸ ಬಿಟ್ಟು ಒಂದು ಚಳಿಗಾಲ ಕಳೆದಿದೆ. ಇದು ಟೊಲೆಡೊ. ಆ ಸದ್ದು ಕ್ರೈಸ್ತರ ಕೊರ್ಪುಸ್ ಹಬ್ಬದ ಮೆರವಣಿಗೆಗೆಂದು ಬೀದಿಯ ಉದ್ದಕ್ಕೂ, ಈ ಮನೆಯ ಮಾಡಿನಿಂದ ಆ ಮನೆಯ ಮಾಡಿಗೆ ಕಟ್ಟಿರುವ ಚಪ್ಪರದ ಬಟ್ಟೆಯದು.

ಬಂದಾಗಿನಿಂದ ದಿನವೂ ಬೆಳಗ್ಗೆ ಹೀಗೇ ಎದ್ದು ಬ್ರೇಕು ಹುಡುಕುತ್ತಿದ್ದಾನೆ. ತನಗೆ ತಾನೇ ನಕ್ಕು, ಮುಖ ತೊಳೆದು, ಕೆಳಗೆ ಇಳಿದ.

ಅಡುಗೆಮನೆಯಲ್ಲಿ ಎಂಗ್ರಾಸಿಯಾ ಅಜ್ಜಿ ಸುಟ್ಟ ರೊಟ್ಟಿಯ ಮೇಲೆ ಟೊಮೇಟೊ ಉಜ್ಜುತ್ತಿದ್ದಳು. ಎಂಬತ್ತು ದಾಟಿದ ಹೆಂಗಸು. ಬಾಡಿಗೆಗೆ ಇರುವುದು ಬೆರಳೆಣಿಕೆಯಷ್ಟು ಕೋಣೆ. ಅಷ್ಟನ್ನೂ ಅವಳೇ ಗುಡಿಸಿ, ಅವಳೇ ಬೈದು, ಅವಳೇ ನಡೆಸುತ್ತಿದ್ದಳು.

"ಏನಪ್ಪಾ ಡ್ರೈವರು, ಇವತ್ತು ಇರ್ತೀಯೋ, ಗಂಟು ಕಟ್ತೀಯೋ?"

"ಇನ್ನೊಂದು ರಾತ್ರಿ ಇರ್ತೀನಜ್ಜಿ."

"ದಿನಾ ಇನ್ನೊಂದು, ಇನ್ನೊಂದು! ಹಲ್ಲು ಕೀಳಿಸ್ಕೊಳ್ಳೋಕೆ ಹೆದರೋನು ಮುಂದಕ್ಕೆ ಹಾಕ್ದಂಗೆ ಹಾಕ್ತಿದೀಯಲ್ಲೋ. ಒಂದೇ ಸಲ ಪೂರ್ತಿ ಹೇಳ್ಬಾರ್ದಾ? ಹಾಸಿಗೆ ಬಟ್ಟೆ ಬದಲಾಯಿಸ್ಬೇಕೋ ಬೇಡ್ವೋ ಅಂತ ನಂಗೂ ಗೊತ್ತಾಗ್ಬೇಕಲ್ಲ."

"ಬದಲಾಯಿಸ್ಬೇಡಿ. ನಾನೇನು ಹೊರಳಾಡೋನಲ್ಲ."

"ಹೊರಳಾಡ್ದೇ ಇರೋನು ಬೆಳ್ಬೆಳಗ್ಗೆ ಧಡಾರ್ ಅಂತ ಹಾರ್ತೀಯಲ್ಲ, ಅದೇನು? ನನ್ನ ಸೂರಿನ ಸುಣ್ಣ ಎಲ್ಲಾ ಉದುರ್ತಿದೆ." ಅಜ್ಜಿ ತಟ್ಟೆಯನ್ನು ಅವನ ಮುಂದೆ ತಳ್ಳಿದಳು. "ಬುಧವಾರ ಮಾತ್ರ ಕೋಣೆ ಬಿಡ್ಬೇಕು, ಈಗ್ಲೇ ಹೇಳಿದೀನಿ. ಸಿಯುದಾದ್ ರೆಯಾಲ್ ಊರಿನ ಔಷಧಿ ಅಂಗಡಿಯವ್ರು ಬರ್ತಾರೆ. ಅವರಜ್ಜನ ಕಾಲದಿಂದ್ಲೂ ಹಬ್ಬಕ್ಕೆ ಆ ಕೋಣೆ ಅವ್ರದ್ದು. ಪೋಪೇ ಬಂದು ಬಾಗಿಲು ತಟ್ಟಿದ್ರೂ ಕೊಡಲ್ಲ."

ಅಂದು ಸೋಮವಾರ. ಎವಾರಿಸ್ಟೊ ರೊಟ್ಟಿಯ ಮೇಲೆ ಎಣ್ಣೆ ಸುರಿದುಕೊಂಡ. ಅದು ರೊಟ್ಟಿಯ ಕಣ್ಣುಗಳೊಳಗೆ ಇಂಗುವುದನ್ನು ನೋಡುತ್ತಾ ಕುಳಿತ.

ಅವನು ಹುಟ್ಟಿದ್ದು ಮಾಂಚಾ ಬಯಲಿನ ಒಂದು ಹಳ್ಳಿಯಲ್ಲಿ. ಅಪ್ಪ ಸಂತೆಯಿಂದ ಸಂತೆಗೆ ಹೇಸರಗತ್ತೆ ಹೊಡೆದುಕೊಂಡು ಹೋಗಿ ಮಾರುತ್ತಿದ್ದ. ಹೇಸರಗತ್ತೆಯ ಕಾಲ ಮುಗಿದ ಮೇಲೆ ಸಂಸಾರ ಮ್ಯಾಡ್ರಿಡ್ಡಿನ ದಕ್ಷಿಣಕ್ಕಿರುವ ಲೆಗಾನೆಸ್ಸಿಗೆ ಬಂದು, ಇಟ್ಟಿಗೆ ಬಣ್ಣದ ಕಟ್ಟಡವೊಂದರ ಮೂರನೆಯ ಮಹಡಿ ಹತ್ತಿತು. ಎವಾರಿಸ್ಟೊ ಸೈನ್ಯದ ಕಡ್ಡಾಯ ಸೇವೆಯಲ್ಲಿ ಲಾರಿ ಕಲಿತ; ಹೊರಗೆ ಬಂದವನೇ ಪ್ರವಾಸದ ಬಸ್ಸು ಹಿಡಿದ. ಶಾಲೆಯ ಮಕ್ಕಳು, ಪಿಂಚಣಿದಾರರು, ಮದುವೆ ದಿಬ್ಬಣ, ಚರ್ಚಿನ ಭಜನೆಯ ಮೇಳ, ದೂರದೇಶದವರು, ಯಾರು ಹತ್ತಿದರೂ ಅವನಿಗೆ ಒಂದೇ. ಮುಂದಿನ ಕನ್ನಡಿಯಲ್ಲಿ ಎಲ್ಲರ ತಲೆಯೂ ಒಂದೇ ಸಮನೆ ತೂಗುತ್ತಿತ್ತು.

ಊರುಗಳಿಗೆ ಅವನದೇ ಆದ ಅಳತೆ ಇತ್ತು. ಅವಿಲಾಗೆ ಎರಡು ಗಂಟೆ. ಕೋಟೆಯ ಮೇಲೆ ಗಾಳಿ ಜೋರಿದ್ದರೆ ಅಷ್ಟೂ ಬೇಡ. ಸೆಗೋವಿಯಾಗೆ ಮೂರು ಗಂಟೆ, ಜೊತೆಗೆ ಹಂದಿಮರಿಯ ಊಟ. ಟೊಲೆಡೊಗೆ ನಾಲ್ಕು. "ನಾಲ್ಕು ಗಂಟೆವರೆಗೆ ಊರು ಚೆಂದ ಕಾಣುತ್ತೆ," ಎಂದು ಹೊಸ ಚಾಲಕರಿಗೆ ಹೇಳಿಕೊಡುತ್ತಿದ್ದ. "ಐದನೇ ಗಂಟೆಗೆ ಬೂಟು ಕಚ್ಚೋಕೆ ಶುರು ಮಾಡುತ್ತೆ. ಆಮೇಲೆ ಗಂಡನಿಗೆ ಹೆಂಡತಿ ಕಂಡ್ರಾಗಲ್ಲ, ಹೆಂಡತಿಗೆ ಇಗರ್ಜಿ ಕಂಡ್ರಾಗಲ್ಲ. ಇನ್ನೂ ಇರ್ಬೇಕಾಗಿತ್ತು ಅಂತ ಅನ್ನಿಸ್ತಿರುವಾಗ್ಲೇ ಎಬ್ಬಿಸ್ಕೊಂಡು ಹೋಗ್ಬೇಕಪ್ಪಾ. ಅದೇ ಮರ್ಯಾದೆ."

ಹೆಂಡತಿ ವಿಸೆಂತಾಳ ಜೊತೆಯ ಸಂಸಾರವೂ ಹೆಚ್ಚುಕಡಿಮೆ ಇದೇ ಅಳತೆಯದ್ದು. ಒಂದೆರಡು ರಾತ್ರಿ ಮನೆ, ಮತ್ತೆ ದಾರಿ. ಬಂದಾಗ ಅವಳು ಅವನಿಗೆ ಇಷ್ಟವಾದದ್ದನ್ನೇ ಬೇಯಿಸುತ್ತಿದ್ದಳು, ಅವನು ಅವಳಿಗೆ ಇಷ್ಟವಾದದ್ದನ್ನೇ ಮಾತಾಡುತ್ತಿದ್ದ. ಅವರಿಬ್ಬರೂ ಒಂದು ದಿನವಾದರೂ ಜಗಳವಾಡಿದ್ದನ್ನು ಮಹಡಿಯ ಯಾರೂ ಕೇಳಲಿಲ್ಲ. ವಿಸೆಂತಾ ತೀರಿಕೊಂಡು ವರ್ಷಗಳಾದವು. ಖಾಲಿ ಮನೆಯಲ್ಲಿ ಕಿಟಕಿಪಟ್ಟಿ ಇಳಿಸಿಕೊಂಡು ಕುಳಿತಾಗ ಎಷ್ಟೋ ಸಲ ಅವನಿಗೆ ಅನ್ನಿಸಿದೆ: ನಮ್ಮಿಬ್ಬರದು ನಿಜವಾಗಿಯೂ ಅಷ್ಟು ಹೊಂದಿಕೆಯ ಸಂಸಾರವೋ, ಅಥವಾ ನಾನು ಯಾವತ್ತೂ ಐದನೆಯ ಗಂಟೆಯವರೆಗೆ ಇರಲಿಲ್ಲವೋ?

ಟೊಲೆಡೊಗೆ ಅವನು ಎಷ್ಟು ಸಲ ಬಂದಿದ್ದಾನೋ ಲೆಕ್ಕವಿಲ್ಲ. ಆದರೆ ಬಂದದ್ದು ಕೋಟೆಯ ಕೆಳಗಿನ ಬಸ್ಸು ನಿಲ್ಲುವ ಬಯಲಿಗೆ ಮಾತ್ರ. ಪ್ರಯಾಣಿಕರು ಮೇಲೆ ಹತ್ತಿ ಹೋಗುತ್ತಿದ್ದರು. ಚಾಲಕರು ಬಯಲಿನ ಮೂಲೆಯಲ್ಲಿದ್ದ ಕಸಿಲ್ದಾಳ ಕಾಫಿ ಅಂಗಡಿಗೆ ನುಗ್ಗುತ್ತಿದ್ದರು. ಕಸಿಲ್ದಾ ಅವನಿಗಿಂತ ಒಂದೆರಡು ವರ್ಷಕ್ಕೆ ಚಿಕ್ಕವಳು. ಮದುವೆಯಾಗಿರಲಿಲ್ಲ. ಗಾಜಿನ ಲೋಟದಲ್ಲಿ ಕಾಫಿ, ಮಣ್ಣಿನ ಬೋಗುಣಿಯಲ್ಲಿ ಬಟಾಣಿ, ಟೊಮೇಟೊ ಹಾಕಿ ಬೇಯಿಸಿದ ಹಂದಿಮಾಂಸ, ಮೇಜಿನ ಮೇಲೆ ಡಾಮಿನೊ. ಸೋತವನನ್ನು ಕಸಿಲ್ದಾ ಸುಮ್ಮನೆ ಬಿಡುತ್ತಿರಲಿಲ್ಲ. "ಬಸ್ಸು ಓಡಿಸೋ ಹಾಗೇ ಆಡ್ತೀಯಲ್ಲೋ, ಹಿಂದಿನವನು ಹಾರ್ನ್ ಹೊಡೆದ್ಮೇಲೇ ನೀನು ಏಳೋದು," ಎಂದು ಅವಳು ಅಂದರೆ ಇಡೀ ಅಂಗಡಿ ನಗುತ್ತಿತ್ತು. ಬೈಸಿಕೊಳ್ಳಲೆಂದೇ ಎವಾರಿಸ್ಟೊ ಕೆಲವು ಸಲ ಸೋಲುತ್ತಿದ್ದ.

ಹೋದ ವರ್ಷ ಅವಳು ಅಂಗಡಿ ಮುಚ್ಚಿದಳು. ಕೊನೆಯ ದಿನ ಅವನ ಲೋಟ ತೊಳೆಯುತ್ತಾ, ಅವನ ಮುಖ ನೋಡದೆ ಹೇಳಿದಳು: "ಒಂದ್ಸಲ ಬಸ್ಸಿಲ್ದೆ ಬಾ. ಮೇಲೆ ಹತ್ತಿ ಬಾ. ಕಹಿಬಾವಿ ಬೀದೀಲಿ ಯಾರನ್ನ ಕೇಳಿದ್ರೂ ನನ್ನ ಮನೆ ತೋರಿಸ್ತಾರೆ."

ಬಸ್ಸಿಲ್ಲದೆ ಬರಲು ಅವನಿಗೆ ಈ ಜೂನ್ ತಿಂಗಳವರೆಗೆ ಬೇಕಾಯಿತು.

ಬಂದ ಮೊದಲ ಸಂಜೆಯೇ ಅವನಿಗೆ ಆಶ್ಚರ್ಯ ಕಾದಿತ್ತು. ಅವನು ಯಾವಾಗಲೂ ಗುಂಪನ್ನು ತುಂಬಿಕೊಂಡು ಹೊರಟುಬಿಡುತ್ತಿದ್ದ ಹೊತ್ತು ಅದು. ಕೊನೆಯ ಗುಂಪುಗಳು ಇಳಿದು ಹೋದವು. ಖಡ್ಗ, ತಟ್ಟೆ ಮಾರುವ ಅಂಗಡಿಗಳ ಬಾಗಿಲು ಒಂದೊಂದಾಗಿ ಬಿದ್ದವು. ಆಮೇಲೆ ಊರು, ಬಿಗಿಯಾದ ಮೇಲಂಗಿಯ ಗುಂಡಿ ಬಿಚ್ಚಿದವರ ಹಾಗೆ, ನಿಧಾನವಾಗಿ ಉಸಿರು ಬಿಟ್ಟಿತು. ಕಲ್ಲುಹಾಸಿನ ಮೇಲೆ ಕುರ್ಚಿ ಎಳೆಯುವ ಸದ್ದು. ಮಹಡಿಯಿಂದ ಮಹಡಿಗೆ ಹೆಂಗಸರ ಮಾತು. ಗೋಪುರಗಳ ಸುತ್ತ ಬಾನಾಡಿಗಳು ಕಿರುಚುತ್ತಾ ಸುತ್ತಿದವು. ಎಲ್ಲಿಯೋ ಬೆಳ್ಳುಳ್ಳಿ ಎಣ್ಣೆಗೆ ಬಿತ್ತು. ಎವಾರಿಸ್ಟೊ ಒಂದು ತಿರುವಿನಲ್ಲಿ ಟೋಪಿ ತೆಗೆದುಕೊಂಡು ನಿಂತೇಬಿಟ್ಟ. ಇಷ್ಟು ವರ್ಷ ಜನರನ್ನು ಕರೆತಂದು ತೋರಿಸಿದ್ದು ಈ ಊರನ್ನಲ್ಲ, ತಾವೇ ಮಾಡಿದ ಗದ್ದಲವನ್ನು ಎಂದು ಅವನಿಗೆ ಅನ್ನಿಸಿತು.

ಕಸಿಲ್ದಾಳ ಮನೆಯ ನಡುವೆ ಒಂದು ಪುಟ್ಟ ಅಂಗಳ. ಹಬ್ಬದ ವಾರ ಬಾಗಿಲು ತೆರೆದಿಟ್ಟು ಬಂದವರಿಗೆಲ್ಲ ಅಂಗಳ ತೋರಿಸುವುದು ಆ ಬೀದಿಯ ವಾಡಿಕೆ. ಹಾಗಾಗಿ ಅವಳು ಗೋಡೆಗೆ ಸುಣ್ಣ ಬಳಿದು, ಕುಂಡಗಳನ್ನು ಏರಿಸಿ ಇಳಿಸಿ, ಎಲೆ ಎಲೆಯನ್ನೂ ಒರೆಸುತ್ತಿದ್ದಳು. ಎವಾರಿಸ್ಟೊ ಬೆಳಗ್ಗೆ ಹೋಗಿ ಭಾರದ ಕುಂಡ ಎತ್ತಿಕೊಡುತ್ತಿದ್ದ, ಅವರೆಕಾಳು ಸುಲಿಯುತ್ತಿದ್ದ, ಮಧ್ಯಾಹ್ನ ಅಲ್ಲೇ ಉಣ್ಣುತ್ತಿದ್ದ. ಊಟವಾದ ಮೇಲೆ ಇಬ್ಬರೂ ಬೆತ್ತದ ಕುರ್ಚಿಯಲ್ಲಿ ಒರಗಿ ಮಾತಿಲ್ಲದೆ ಇರುತ್ತಿದ್ದರು. ಅದು ಅವನಿಗೆ ಹೊಸದು. ಬಸ್ಸಿನಲ್ಲಿ ಮಾತು ನಿಂತರೆ ಏನೋ ಕೆಟ್ಟಿದೆ ಎಂದೇ ಅರ್ಥ. ಇಲ್ಲಿ ಮಾತು ನಿಂತಾಗಲೇ ಎಲ್ಲ ಸರಿಯಾಗಿ ಓಡುತ್ತಿದೆ ಅನ್ನಿಸುತ್ತಿತ್ತು. ಆದರೆ ಸ್ವಲ್ಪ ಹೊತ್ತಿಗೆ ಒಳಗಿನ ಗಡಿಯಾರ ಚುಚ್ಚುತ್ತಿತ್ತು; ಟೋಪಿ ಹುಡುಕುತ್ತಿದ್ದ.

"ಆಯ್ತಾ ನಾಲ್ಕು ಗಂಟೆ?" ಎನ್ನುತ್ತಿದ್ದಳು ಕಸಿಲ್ದಾ, ಕಣ್ಣು ಬಿಡದೆ. "ಹೊರಡು, ಹೊರಡು. ತಲೆ ಎಣಿಸ್ಕೋ, ಒಂದೇ ಇದೆ."

ಅವನು ತೀರ್ಮಾನಿಸಬೇಕಾಗಿದ್ದದ್ದು ಇಷ್ಟೇ: ಈ ಅಂಗಳಕ್ಕೆ ತಾನು ಎಷ್ಟು ದಿನದ ಅತಿಥಿ? ಕಡಿಮೆ ಇದ್ದು ಹೋದರೆ ಮತ್ತೆ ಬಾ ಎಂದಾರು. ಹೆಚ್ಚು ಇದ್ದರೆ ಏನಾಗುತ್ತದೋ ಅವನಿಗೆ ಗೊತ್ತಿಲ್ಲ. ಅವನು ಎಲ್ಲಿಯೂ ಹೆಚ್ಚು ಇದ್ದವನಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕಿದ್ದ: ಬೇರೆ ಕೋಣೆ ಹುಡುಕಿಕೊಂಡಾದರೂ ಗುರುವಾರ ಹಬ್ಬ ನೋಡಿ, ಶುಕ್ರವಾರವೂ ಇದ್ದು, ಸಾಧ್ಯವಾದರೆ ಭಾನುವಾರದವರೆಗೆ. ಅದರ ಆಚೆಗಿನದನ್ನು ಯೋಚಿಸಲು ಧೈರ್ಯವಿರಲಿಲ್ಲ. ಯೋಚಿಸದೆ ಇರಲೂ ಆಗುತ್ತಿರಲಿಲ್ಲ.

ಆ ಸೋಮವಾರ ಕಸಿಲ್ದಾ ಏಣಿಯ ಮೇಲಿದ್ದಳು. ಕೆಳಗೆ ಎವಾರಿಸ್ಟೊ ಏಣಿ ಹಿಡಿದಿದ್ದ. ಪಕ್ಕದ ಮನೆಯ ಫುವೆನ್ಸಿಸ್ಲಾ, ಸೆಗೋವಿಯಾದಿಂದ ಮದುವೆಯಾಗಿ ಬಂದು ಇಲ್ಲಿಯೇ ಮುದುಕಿಯಾದವಳು, ಬಾಗಿಲ ಕಲ್ಲಿನ ಮೇಲೆ ಕೂತು ಹಿತ್ತಾಳೆ ಬಿಂದಿಗೆ ಉಜ್ಜುತ್ತಿದ್ದಳು.

"ಅಲ್ಲಾ," ಎಂದಳು ಕಸಿಲ್ದಾ, ಗೋಡೆಯ ಮೊಳೆಗೆ ಕುಂಡ ಸಿಕ್ಕಿಸುತ್ತಾ, ಮಾತು ಹಾಗೇ ಬಾಯಿಗೆ ಬಂತು ಎಂಬಂತೆ. "ನೀನು ಹೊರಡೋದು ಯಾವಾಗ?"

"ಬುಧವಾರ," ಎಂದುಬಿಟ್ಟ ಎವಾರಿಸ್ಟೊ. "ಬುಧವಾರ ಸಂಜೆ."

ನಾಲಿಗೆ ತಾನಾಗಿ ಆಡಿದ ಮಾತು ಅದು. ಜೀವಮಾನವಿಡೀ ಅವನು ಹೊರಡುವ ಹೊತ್ತನ್ನು ಮುಂಚಿತವಾಗಿಯೇ ಹೇಳಿದವನು. ಐದೂವರೆಗೆ ಬಿಡಬೇಕಾದ ಬಸ್ಸನ್ನು ಐದಕ್ಕೆ ಎನ್ನದ ಚಾಲಕ ಸ್ಪೇನ್ ದೇಶದಲ್ಲಿಯೇ ಇಲ್ಲ. ನಿಜವಾದ ಹೊತ್ತು ಹೇಳಿದರೆ ಒಬ್ಬಳು ಸಿಹಿ ತಿಂಡಿ ಕೊಳ್ಳುತ್ತಾ ಉಳಿಯುತ್ತಾಳೆ, ಒಬ್ಬ ಫೋಟೊ ತೆಗೆಯುತ್ತಾ ಉಳಿಯುತ್ತಾನೆ. ಕೇಳಿದವರಿಗೂ ಅದು ಗೊತ್ತು. ಅವರೂ ಮನಸ್ಸಿನಲ್ಲೇ ಅರ್ಧ ಗಂಟೆ ಸೇರಿಸಿಕೊಳ್ಳುತ್ತಾರೆ. ಅವನು ಹೇಳಿದ ಹೊತ್ತನ್ನು ಇದ್ದ ಹಾಗೇ ನಂಬಿದವರು ಇವತ್ತಿನವರೆಗೆ ಯಾರೂ ಇರಲಿಲ್ಲ. ಈಗಲೂ ಹಾಗೇ ಅಂದುಕೊಂಡ. ಬುಧವಾರ ಎಂದರೆ, 'ಅಯ್ಯೋ, ಹಬ್ಬ ಬಿಟ್ಟು ಹೋಗ್ತೀಯಾ, ಇನ್ನೆರಡು ದಿನ ಇರು' ಎನ್ನುತ್ತಾಳೆ. ಆಗ ಸ್ವಲ್ಪ ಬಿಂಕ ಮಾಡಿ ಒಪ್ಪಿಕೊಂಡರಾಯಿತು.

ಏಣಿಯ ಮೇಲೆ ನಿಂತವಳು ಸಿಕ್ಕಿಸಿದ ಕುಂಡವನ್ನು ಒಮ್ಮೆ ತಿರುಗಿಸಿ ನೇರ ಮಾಡಿದಳು.

"ಸರಿ," ಎಂದಳು ಕಸಿಲ್ದಾ. "ಆ ಕೆಂಪು ಹೂವಿನದ್ದು ಕೊಡು ಇತ್ಲಾಗೆ."

ಬಿಂದಿಗೆ ಉಜ್ಜುವುದನ್ನು ನಿಲ್ಲಿಸಿ ಬಾಯಿ ಹಾಕಿದವಳು ಫುವೆನ್ಸಿಸ್ಲಾ. "ಗುರುವಾರ ಹಬ್ಬ, ಬುಧವಾರ ಹೊರಡ್ತಾನಂತೆ! ಮದುವೆಗೆ ಬಂದು, ಎಲೆ ಹಾಕೋ ಹೊತ್ತಿಗೆ ಎದ್ದು ಹೋದ ಅಂದಂಗಾಯ್ತು. ಲೆಗಾನೆಸ್ಸಲ್ಲಿ ನಿಂಗೆ ಯಾರಪ್ಪಾ ಕಾಯ್ತಿರೋದು, ಮೇಯರಾ?"

"ಫುವೆನ್ಸಿ, ನಿನ್ನ ಬಿಂದಿಗೆ ನೀನು ನೋಡ್ಕೋ," ಎಂದಳು ಕಸಿಲ್ದಾ ಮೇಲಿನಿಂದ. "ಹೋಗೋರನ್ನ ಹಿಡ್ಕೊಳ್ಳೋಕೆ ನಮ್ದೇನು ಠಾಣೆಯಾ?"

ಅವತ್ತು ಮಧ್ಯಾಹ್ನ ಊಟ ಎಂದಿನಷ್ಟೇ ರುಚಿಯಾಗಿತ್ತು. ಕಸಿಲ್ದಾ ಎಂದಿನ ಹಾಗೇ ಅವನನ್ನು ರೇಗಿಸಿದಳು. ಆದರೆ ಅವನು ಟೋಪಿ ತೆಗೆದುಕೊಂಡಾಗ ತಲೆ ಎಣಿಸಿಕೋ ಎನ್ನಲಿಲ್ಲ.

ಮಂಗಳವಾರ ಅವನು ಹೋದಾಗ ಅಂಗಳ ಸಿಂಗಾರಗೊಂಡು ನಿಂತಿತ್ತು. ಕಸಿಲ್ದಾ ತಾಯಿಯ ಕಾಲದ ಕಸೂತಿ ಶಾಲೊಂದನ್ನು ಮಡಿಲಲ್ಲಿ ಹರಡಿಕೊಂಡು, ಅದರ ಅಂಚಿನ ಎಳೆಗಳನ್ನು ಬೆರಳಿನಿಂದ ಬಾಚುತ್ತಿದ್ದಳು. ಮೆರವಣಿಗೆ ಹೋಗುವ ಬೀದಿಯಲ್ಲಿರುವ ದಾಯಾದಿಯ ಮನೆಯ ಮಹಡಿ ಮೊಗಸಾಲೆಯಿಂದ ಅದನ್ನು ಇಳಿಬಿಡಬೇಕು. ಆ ಮೊಗಸಾಲೆ ಎಷ್ಟು ಇಕ್ಕಟ್ಟು, ಅಲ್ಲಿ ಯಾರ ಕುರ್ಚಿ ಎಲ್ಲಿ ಎಂಬುದರ ಮೇಲೆ ಮನೆತನದಲ್ಲಿ ಎಷ್ಟು ವ್ಯಾಜ್ಯ ನಡೆದಿದೆ ಎಂದೆಲ್ಲ ಹೇಳಿ ನಗಿಸಿದಳು. ಸತ್ತ ಚಿಕ್ಕಪ್ಪನ ಜಾಗಕ್ಕೆ ಮೂವರು ಇನ್ನೂ ಮಾತು ಬಿಟ್ಟಿದ್ದಾರಂತೆ.

"ನಿನಗೂ ಒಂದು ಕುರ್ಚಿ ಹೇಳಿ ಇಟ್ಟಿದ್ದೆ," ಎಂದಳು ಆಮೇಲೆ, ಎಳೆಯ ಮೇಲಿನಿಂದ ಕಣ್ಣು ತೆಗೆಯದೆ. "ನನ್ನ ಪಕ್ಕದ್ದೇ. ಈಸ್ಟರಿನಿಂದ್ಲೂ ಕಾದಾಡಿ ಇಟ್ಕೊಂಡಿದ್ದೆ. ಬುಧವಾರ ಹೋಗ್ತೀನಿ ಅಂದ್ಯಲ್ಲ. ಫುವೆನ್ಸಿಯ ಮೈದುನನಿಗೆ ಕೊಟ್ಬಿಟ್ಟೆ ನಿನ್ನೆ."

ಈಸ್ಟರಿನಿಂದ! ಎವಾರಿಸ್ಟೊ ಲೆಗಾನೆಸ್ಸಿನಲ್ಲಿ ಕೂತು ಹೋಗಲೋ ಬೇಡವೋ ಎಂದು ಅಂಗಿ ಇಸ್ತ್ರಿ ಮಾಡುತ್ತಿದ್ದ ದಿನಗಳಲ್ಲಿ ಇಲ್ಲಿ ಒಂದು ಕುರ್ಚಿ ಅವನ ಹೆಸರಿನಲ್ಲಿ ಕಾದಿತ್ತು. ಬುಧವಾರ ಎಂದದ್ದು ನಿಜವಾಗಿಯೂ ಬುಧವಾರವಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದ. ಆದರೆ ಹೊರಡುವ ಹೊತ್ತು ಹೇಳಿದ ಮೇಲೆ ಬದಲಾಯಿಸುವ ಚಾಲಕನ ಮಾತಿಗೆ ಬೆಲೆಯಿಲ್ಲ ಎಂಬುದೂ ಅವನೇ ಹೇಳಿಕೊಟ್ಟ ಪಾಠ.

"ಕುಂಟ್ತಾನಲ್ಲ, ಆ ಮೈದುನನಾ?" ಎಂದ.

"ಹೂಂ. ಆದ್ರೆ ಬಂದೋನು ಎದ್ದು ಹೋಗಲ್ಲ, ಕೂತ್ಕೋತಾನೆ," ಎಂದಳು ಕಸಿಲ್ದಾ.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಔಷಧಿ ಅಂಗಡಿಯ ಸಂಸಾರ ಎಂಗ್ರಾಸಿಯಾ ಅಜ್ಜಿಯ ಮೆಟ್ಟಿಲ ತುಂಬ ಪೆಟ್ಟಿಗೆ ಇಟ್ಟುಕೊಂಡು ನಿಂತಿತ್ತು. ಎವಾರಿಸ್ಟೊ ತನ್ನ ಪೆಟ್ಟಿಗೆ ಹಿಡಿದು ಗೋಡೆಗೆ ಒತ್ತಿಕೊಂಡು ಇಳಿದ. ಅಜ್ಜಿ ಅವನ ಎರಡೂ ಕೆನ್ನೆಗೆ ಮುತ್ತಿಟ್ಟು, "ಬೇಜಾರಾದ್ರೆ ಬಾ. ಬೇಜಾರಾಗ್ದಿದ್ರೆ ಇನ್ನೂ ಬೇಗ ಬಾ," ಎಂದಳು.

ಬೀದಿಗೆ ಆಗಲೇ ಹಬ್ಬ ಬಂದುಬಿಟ್ಟಿತ್ತು. ಗಾಡಿಗಳಲ್ಲಿ ಬೆಟ್ಟದ ಕಾಡು ಥೈಮ್ ಗಿಡದ ಹೊರೆಗಳು ಬಂದು ಬಿದ್ದಿದ್ದವು. ನಾಳೆ ಮೆರವಣಿಗೆ ತುಳಿದು ಹೋಗಲೆಂದು ಅದನ್ನು ಕಲ್ಲುಹಾಸಿನ ಮೇಲೆ ಹರಡಬೇಕು. ಚಪ್ಪರದ ಬಟ್ಟೆಯ ನೆರಳಿನಲ್ಲಿ ಇಡೀ ಬೀದಿ ತಣ್ಣಗೆ, ಹಸುರು ಹಸುರಾಗಿ ಕಂಪು ಬೀರುತ್ತಿತ್ತು. ಕಸಿಲ್ದಾ ತನ್ನ ಬಾಗಿಲಲ್ಲಿ ನಿಂತು, ಹೊರೆಯಿಂದ ಬಿದ್ದ ಒಂದು ಹಿಡಿಯನ್ನು ಎತ್ತಿಕೊಂಡು ಮೂಸುತ್ತಿದ್ದಳು. ಅವನನ್ನು ಕಂಡು ಒಳಗೆ ಹೋಗಿ, ಕಾಗದ ಸುತ್ತಿದ ಪೊಟ್ಟಣ ತಂದಳು.

"ಆಲೂಗಡ್ಡೆ ಹಾಕಿದ ಆಮ್ಲೆಟ್ಟು. ದಾರೀಲಿ ತಿನ್ನು. ಯಾರ ಬಸ್ಸಲ್ಲಿ ಹೋಗ್ತಿದೀಯ?"

"ಉಲ್ಪಿಯಾನೊ ಗುಂಪು ತಂದಿದಾನೆ. ಮುಂದಿನ ಸೀಟು ಇದೆ ಅಂದ."

"ಎಷ್ಟು ಹೊತ್ತಿಗೆ?"

"ಐದಕ್ಕೆ."

"ಅಂದ್ರೆ ಐದೂವರೆಗೆ," ಎಂದಳು ಕಸಿಲ್ದಾ.

ಎವಾರಿಸ್ಟೊ ಅವಳನ್ನೇ ನೋಡಿದ. ಇಷ್ಟು ವರ್ಷ ಚಾಲಕರ ನಡುವೆಯೇ ಕಾಫಿ ಕಾಸಿದವಳಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ಅವನಿಗೆ ಅದು ಹೊಳೆದೇ ಇರಲಿಲ್ಲ.

"ಗೊತ್ತಿದ್ದೂ ಕುರ್ಚಿ ಕೊಟ್ಟೆಯಲ್ಲ ಕಸಿಲ್ದಾ," ಎಂದ ಮೆಲ್ಲಗೆ. "ನಾವು ಹೇಳೋ ಹೊತ್ತು ನಿಜವಾದ ಹೊತ್ತಲ್ಲ ಅಂತ ನಿಂಗೆ ಗೊತ್ತು."

"ಬಸ್ಸಿನ ಹೊತ್ತು ಗೊತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವನಿಗೆ ಕೇಳಿಸಿಕೊಳ್ಳುವುದು ಕಷ್ಟವಾಯಿತು. "ಅಲ್ಲಿ ಮೇಜಿನಾಚೆ ನಿಂತಿದ್ದಾಗ ನೀವು ಐದು ಅಂದ್ರೆ ನಾನು ಐದೂವರೆ ಅಂದ್ಕೊಂಡು ಸಾರು ಬಿಸಿ ಇಡ್ತಿದ್ದೆ. ಅದು ಅಂಗಡಿ. ಇದು ನನ್ನ ಮನೆ ಅಂಗಳ ಕಣೋ. ನಾನೇನು ನಿನ್ನ ಬಸ್ಸಿನ ಪ್ರಯಾಣಿಕಳಾ? ನೀನು ಒಂದು ಹೇಳೋದು, ನಾನು ಕೂಡಿ ಕಳೆದು ಇನ್ನೊಂದು ತಿಳ್ಕೊಳ್ಳೋದು, ಈ ವಯಸ್ಸಲ್ಲಿ ನಂಗೆ ಆಗಲ್ಲ. ನೀನು ಏನು ಹೇಳ್ತೀಯೋ ಅದನ್ನೇ ನಂಬ್ತೀನಿ. ಆದ್ರಿಂದ ನೋಡಿ ಹೇಳು."

"ಹೇಳಿದ್ದನ್ನ ಬದಲಾಯಿಸಿದ್ರೆ..."

"ಬದಲಾಯಿಸ್ತೀಯೋ ಬಿಡ್ತೀಯೋ, ನಿಜ ಹೇಳು ಅಂದೆ ಅಷ್ಟೇ." ಥೈಮಿನ ಕಡ್ಡಿಯೊಂದನ್ನು ಅವನ ಅಂಗಿಯ ಜೇಬಿಗೆ ಸಿಕ್ಕಿಸಿದಳು. "ಹೋಗು, ಹೊತ್ತಾಯ್ತು. ನಂಗೂ ಕೆಲಸ ಇದೆ."

ಬಸ್ಸುಗಳು ನಿಲ್ಲುವ ಬಯಲಿಗೆ ಯಂತ್ರದ ಮೆಟ್ಟಿಲು ಅವನನ್ನು ಇಳಿಸಿತು. ಕಸಿಲ್ದಾಳ ಅಂಗಡಿಯಿದ್ದ ಮೂಲೆಯಲ್ಲಿ ಈಗ ನಾಣ್ಯ ಹಾಕಿದರೆ ಕಾಫಿ ಉಗುಳುವ ಪೆಟ್ಟಿಗೆಯೊಂದು ನಿಂತಿತ್ತು. ಉಲ್ಪಿಯಾನೊ ಬಸ್ಸಿನ ನೆರಳಿನಲ್ಲಿ ಕೂತು ಸೂರ್ಯಕಾಂತಿ ಬೀಜ ಒಡೆಯುತ್ತಿದ್ದ. ನಲವತ್ತರ ಆಸುಪಾಸಿನ, ದುಂಡು ಮುಖದ, ಬಾಯಿ ಮುಚ್ಚಲು ಬಾರದ ಮನುಷ್ಯ. ಚಾಲಕನ ಕೆಲಸವನ್ನು ಎವಾರಿಸ್ಟೊನೇ ಅವನಿಗೆ ಕಲಿಸಿದ್ದ.

"ಬನ್ನಿ ಗುರುಗಳೇ! ಅಲ್ಲಾ, ಇಷ್ಟು ದಿನ ಏನ್ ಮಾಡಿದ್ರಿ ಮೇಲೆ? ಎಲ್ಲಾ ಇಗರ್ಜಿಗೂ ಬಣ್ಣ ಹೊಡೆದ್ರಾ? ನಾಲ್ಕು ಗಂಟೆ ಸಾಕು ಅಂತ ನಂಗೆ ಹೇಳ್ಕೊಟ್ಟೋರು ನೀವೇ."

"ಅವರೆಕಾಳು ಸುಲಿದೆ," ಎಂದ ಎವಾರಿಸ್ಟೊ.

"ಅವರೆಕಾಳು ಲೆಗಾನೆಸ್ಸಲ್ಲೂ ಸಿಗುತ್ತಲ್ಲಾ!" ಉಲ್ಪಿಯಾನೊ ಹೊಟ್ಟೆ ಅಲುಗಿಸಿ ನಕ್ಕ. ಬಸ್ಸಿನ ಹೊಟ್ಟೆಯ ಬಾಗಿಲು ಎತ್ತಿದ. "ಪೆಟ್ಟಿಗೆ ಹಾಕಿ ಒಳಗೆ. ಈ ಬಸ್ಸಿನ ಎ.ಸಿ. ಕತೆ ಹೇಳ್ತೀನಿ ಕೇಳಿ, ಜೂನ್ ತಿಂಗಳಲ್ಲಿ ಕೈ ಕೊಡ್ತು..."

ಅಷ್ಟರಲ್ಲಿ ಗುಂಪಿನ ಗಂಡ ಹೆಂಡತಿ ಇಬ್ಬರು ಏದುಸಿರು ಬಿಡುತ್ತಾ ಬಂದರು. ಬಿಲ್ಬಾವೊ ಕಡೆಯವರು. ಹೆಂಡತಿಯ ಕೈಯಲ್ಲಿ ಅವಳ ಒಂದು ಬೂಟು.

"ತಡವಾಯ್ತಾ? ನಿಮ್ಮ ಐದು ಅಂದ್ರೆ ಐದೇ ಇರ್ಬಹುದು ಅಂತ ಓಡ್ಕೊಂಡು ಬಂದ್ವಿ," ಎಂದಳು ಅವಳು.

"ನಂಬಿದ್ರಾ? ಪಾಪ!" ಎಂದ ಉಲ್ಪಿಯಾನೊ.

"ಏನೂ ನೋಡಿದ ಹಾಗಾಗ್ಲಿಲ್ಲಪ್ಪ. ಮುಂದಿನ ಸಲ ಬಂದ್ರೆ ಎಷ್ಟು ದಿನ ಇಟ್ಕೊಂಡು ಬರ್ಬೇಕು? ಇವ್ರು ಒಂದೇ ದಿನ ಅಂತಾರೆ, ನಾನು ಎರಡು ಅಂತೀನಿ."

"ಅದಕ್ಕೆ ಸರಿಯಾದ ಮನುಷ್ಯ ಇಲ್ಲೇ ಇದಾರೆ, ಕೇಳಿ. ಈ ಊರಿಗೆ ಇಷ್ಟು ಸಲ ಬಂದೋರು ಇನ್ನೊಬ್ರಿಲ್ಲ. ಹೇಳಿ ಗುರುಗಳೇ."

ಆ ಪ್ರಶ್ನೆಗೆ ಎವಾರಿಸ್ಟೊನ ನಾಲಿಗೆಯ ತುದಿಯಲ್ಲಿ ಉತ್ತರ ಸದಾ ಸಿದ್ಧವಿರುತ್ತಿತ್ತು. ಈಗ ಅದರ ಬದಲು ಮನಸ್ಸಿಗೆ ಬಾನಾಡಿಗಳ ಕಿರುಚಾಟ ಬಂತು, ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ ಹೆಂಗಸಿನ ಉಸಿರು ಬಂತು, ಸುಣ್ಣದ ವಾಸನೆ ಬಂತು. ಬೂಟು ಹಿಡಿದ ಆ ಹೆಂಗಸು ತಾನು ಹೇಳುವುದನ್ನು ಹೇಳಿದ ಹಾಗೇ ನಂಬಲು ನಿಂತಿದ್ದಾಳೆ ಎಂದು ಅವನಿಗೆ ಕಂಡಿತು.

"ಗೊತ್ತಿಲ್ಲಮ್ಮ," ಎಂದ. "ನಾನಿನ್ನೂ ಈ ಊರು ನೋಡಿ ಮುಗಿಸಿಲ್ಲ."

"ಏನ್ ತಮಾಷೆ ಮಾಡ್ತಾರೆ ನೋಡಿ!" ಉಲ್ಪಿಯಾನೊ ತೊಡೆ ತಟ್ಟಿಕೊಂಡ. ಗಂಡ ಹೆಂಡತಿ ನಗುತ್ತಾ ಬಸ್ಸು ಹತ್ತಿದರು. "ಹಾಂ, ಎ.ಸಿ. ವಿಷಯ ಹೇಳ್ತಿದ್ನಲ್ಲ. ಷೆಡ್ಡಿಗೆ ತಗೊಂಡ್ಹೋದೆ. ಕಂಪ್ರೆಸರ್ ಹೋಗಿದೆ ಅಂದ್ರು. ನಾನಂದೆ, ಕಂಪ್ರೆಸರ್ ಹೋಗಿಲ್ಲಪ್ಪಾ, ಹೋಗಿರೋದು ನಿಮ್ಮ ತಲೆ..."

ಎವಾರಿಸ್ಟೊನ ಪೆಟ್ಟಿಗೆ ಅರ್ಧ ಬಸ್ಸಿನ ಹೊಟ್ಟೆಯಲ್ಲಿತ್ತು, ಅರ್ಧ ಅವನ ಕೈಯಲ್ಲಿತ್ತು. ಅವನು ಅದನ್ನು ಹಿಂದಕ್ಕೆ ಎಳೆದುಕೊಂಡ. ಕೋಣೆ ಇಲ್ಲ. ಕುರ್ಚಿಯನ್ನು ಕುಂಟ ಮೈದುನನಿಗೆ ಕೊಟ್ಟಾಗಿದೆ. ಭಾನುವಾರ ಎನ್ನಬೇಕೋ, ಗೊತ್ತಿಲ್ಲ ಎನ್ನಬೇಕೋ, ಹೋಗುವುದೇ ಇಲ್ಲ ಎನ್ನಬೇಕೋ, ಅದೂ ಇನ್ನೂ ಸ್ಪಷ್ಟವಿರಲಿಲ್ಲ. ಯಾವುದು ನಿಜವೋ ಅದನ್ನೇ ಹೇಳಬೇಕು ಎಂಬುದೊಂದು ಮಾತ್ರ ಸ್ಪಷ್ಟವಿತ್ತು. ಮೇಲೆ ಹತ್ತುವಷ್ಟರಲ್ಲಿ ಅದೂ ತಿಳಿದೀತು.

"...ಆ ಮೆಕ್ಯಾನಿಕ್ ನನ್ನನ್ನೇ ಕೇಳ್ತಾನೆ ಗುರುಗಳೇ, ಬಸ್ಸು ನಿನ್ನದಾ ನಿನ್ನ ಮಾವಂದಾ ಅಂತ. ನಂಗೆ ಎಲ್ಲಿತ್ತೋ ಸಿಟ್ಟು. ನೋಡಪ್ಪಾ, ಅಂದೆ, ನಾನು ಈ ಸ್ಟಿಯರಿಂಗ್ ಹಿಡಿದು... ಏಯ್, ಗುರುಗಳೇ? ಎಲ್ಲಿಗೆ? ಇನ್ನೂ ಕತೆ ಮುಗಿದಿಲ್ಲ! ಆಮೇಲೆ ಅವನ ಮಾಲೀಕ ಬಂದ ನೋಡಿ, ಬಂದವನೇ..."

ಎವಾರಿಸ್ಟೊ ಬಯಲನ್ನು ದಾಟಿ ಆಗಲೇ ಮೆಟ್ಟಿಲಿನ ಮೇಲೆ ಕಾಲಿಟ್ಟಿದ್ದ. ಯಂತ್ರ ತಾನೇ ಅವನನ್ನು ಎತ್ತಿಕೊಂಡು ಹೋಗುತ್ತಿತ್ತು. ಆದರೂ ಅವನು ಪೆಟ್ಟಿಗೆ ಹೊತ್ತುಕೊಂಡು ಒಂದೊಂದೇ ಮೆಟ್ಟಿಲನ್ನು ತಾನೂ ಹತ್ತುತ್ತಿದ್ದ.